ಹಳೆ ಫರ್ನಿಚರ್‌ಗೆ ಚಾಕ್ ಪೇಂಟೋ, ಮಿಲ್ಕ್ ಪೇಂಟೋ, ಎನಾಮಲ್ಲೋ?

ಹಳೆ ಬೀರು, ಮೇಜು, ಕುರ್ಚಿಗೆ ಮತ್ತೆ ಬಣ್ಣ ಹಚ್ಚಿ, ಅಂಚಿನಲ್ಲಿ ಸ್ವಲ್ಪ ಸವೆದಂತೆ ಕಾಣಿಸಬೇಕು ಅಂತ ಹೊರಟವರಿಗೆ ಪೇಂಟ್ ಅಂಗಡಿಗೆ ಹೋದ ಕೂಡಲೇ ಗೊಂದಲ ಶುರುವಾಗುತ್ತದೆ. ಚಾಕ್ ಪೇಂಟ್ ನೋಡಿದರೆ ದುಬಾರಿ. ಅದನ್ನು ಮನೆಯಲ್ಲೇ ಕಲಸಿಕೊಳ್ಳಬಹುದು ಅಂತ ಒಬ್ಬರು ಹೇಳುತ್ತಾರೆ. ಮಿಲ್ಕ್ ಪೇಂಟೇ ಅಸಲಿ ಅಂತ ಇನ್ನೊಬ್ಬರು. ಸುಮ್ನೆ ಎನಾಮಲ್ ಬಳಿದು ಮುಗಿಸಿ ಅಂತ ಮತ್ತೊಬ್ಬರು. ಫೋಟೋದಲ್ಲಿ ನೋಡಿದರೆ ಎಲ್ಲವೂ ಚೆಂದ. ವ್ಯತ್ಯಾಸ ಗೊತ್ತಾಗುವುದು ಕೆಲವು ತಿಂಗಳು ಬಳಸಿದ ಮೇಲೆ.

ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಬಣ್ಣವನ್ನು ಮೊದಲು ಆರಿಸಬೇಡಿ. ಅದರ ಮೇಲೆ ಕೊನೆಗೆ ಬೀಳುವ ಲೇಪ ಯಾವುದು ಅಂತ ಮೊದಲು ತೀರ್ಮಾನಿಸಿ: ವ್ಯಾಕ್ಸೋ, ವಾರ್ನಿಷೋ, ಎಣ್ಣೆಯೋ, ಅಥವಾ ಏನೂ ಬೇಡವೋ. ದಿನವೂ ಕೈ, ನೀರು, ಬಿಸಿ ತಾಗುವುದು ಆ ಲೇಪಕ್ಕೆ, ಬಣ್ಣಕ್ಕಲ್ಲ. ಲೇಪ ಗೊತ್ತಾದರೆ ಅದರ ಕೆಳಗೆ ಯಾವ ಬಣ್ಣ ಹೊಂದುತ್ತದೆ ಅನ್ನುವುದು ಅರ್ಧ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಸಾಮಾನನ್ನು ನೋಡಿ

ಆ ಸಾಮಾನು ಏನು ಕೆಲಸ ಮಾಡುತ್ತದೆ ಅನ್ನುವುದು ಮೊದಲ ಪ್ರಶ್ನೆ. ಗೋಡೆಗೆ ಒರಗಿ ನಿಂತು ವರ್ಷಕ್ಕೆ ನಾಲ್ಕು ಸಲ ಬಾಗಿಲು ತೆಗೆಯುವ ಬೀರುವಿಗೂ, ದಿನಕ್ಕೆ ಮೂರು ಹೊತ್ತು ಒರೆಸುವ ಊಟದ ಮೇಜಿಗೂ ಒಂದೇ ಲೇಪ ಸಾಲದು. ಒಂದೇ ಸಾಮಾನಿನಲ್ಲೂ ಮೇಲ್ಭಾಗಕ್ಕೆ ಬೀಳುವ ಪೆಟ್ಟು ಬೇರೆ, ಕಾಲಿಗೆ ಬೀಳುವ ಪೆಟ್ಟು ಬೇರೆ. ಎರಡಕ್ಕೂ ಒಂದೇ ಲೇಪ ಹಾಕಬೇಕು ಅನ್ನುವ ನಿಯಮ ಏನಿಲ್ಲ.

ಎರಡನೆಯದು, ಈಗ ಅದರ ಮೈ ಮೇಲೆ ಏನಿದೆ ಅನ್ನುವುದು. ಬರೀ ಮರವೇ, ಹಳೆ ಪಾಲಿಶ್ ಇದೆಯೇ, ಪೇಂಟ್ ಇದೆಯೇ, ವೆನೀರ್ (ತೆಳುವಾದ ಮರದ ಹಾಳೆ) ಅಂಟಿಸಿದ್ದೇ, ಲ್ಯಾಮಿನೇಟೇ? ವೆನೀರ್ ಆದರೆ ಅಂಚಿನಲ್ಲಿ ಜೋರಾಗಿ ಉಜ್ಜಿದಾಗ ಒಳಗಿನ ಪ್ಲೈವುಡ್ ಕಾಣಿಸಿಬಿಡುತ್ತದೆ. ಲ್ಯಾಮಿನೇಟ್ ಆದರಂತೂ ಸವೆಸಿದಾಗ ಕಾಣುವುದು ಮರವಲ್ಲ, ಪ್ಲಾಸ್ಟಿಕ್ಕಿನಂಥ ಪದರ. ಇಂಥವುಗಳಿಗೆ ಉಜ್ಜಿ ಸವೆಸುವ ಫಿನಿಶ್ ಬೇಡ. ಎರಡು ಬಣ್ಣ ಹಚ್ಚಿ ಮೇಲಿನದನ್ನಷ್ಟೇ ತೆಗೆಯುವ ವಿಧಾನ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು, ಸವೆತ ಎಂಥದ್ದು ಬೇಕು. ಮುಟ್ಟಿ ಮುಟ್ಟಿ ನುಣುಪಾಗಿ ಸವೆದ ನೋಟವೇ, ಅಥವಾ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದ ನೋಟವೇ? ಎರಡೂ ಬೇರೆ ಬೇರೆ, ಅವುಗಳಿಗೆ ಒಪ್ಪುವ ಬಣ್ಣಗಳೂ ಬೇರೆ. ಇದರ ಜೊತೆಗೆ ಸಮಯ, ಧೂಳು, ವಾಸನೆ, ಖರ್ಚು ಇವುಗಳಲ್ಲಿ ನೀವು ಎಷ್ಟನ್ನು ತಡೆದುಕೊಳ್ಳುತ್ತೀರಿ ಅನ್ನುವುದನ್ನೂ ಲೆಕ್ಕ ಹಾಕಿ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಒಳ್ಳೆಯ ತೇಗವೋ ಬೀಟೆಯೋ ಆಗಿದ್ದು, ಮೇಲಿನ ಪಾಲಿಶ್ ಮಾತ್ರ ಮಂಕಾಗಿದ್ದರೆ, ದಯವಿಟ್ಟು ಪೇಂಟ್ ಬಳಿಯಬೇಡಿ. ಹಳೆ ಪಾಲಿಶ್ ತೆಗೆದು ಅರಗಿನ ಪಾಲಿಶನ್ನೋ ಎಣ್ಣೆಯನ್ನೋ ಕೊಡಿ. ಒಮ್ಮೆ ಬಣ್ಣ ಮರದ ರಂಧ್ರಗಳಿಗೆ ಇಳಿದರೆ ಪೂರ್ತಿ ತೆಗೆಯುವುದು ತುಂಬಾ ಕಷ್ಟ. ಪೇಂಟ್ ಸಲ್ಲುವುದು ಬೇರೆ ಬೇರೆ ಮರ ಸೇರಿಸಿ ಮಾಡಿದ ಸಾಮಾನಿಗೆ, ಕಲೆ ಹೋಗದ ಮರಕ್ಕೆ, ಈಗಾಗಲೇ ಪೇಂಟ್ ಕಂಡಿರುವುದಕ್ಕೆ.

ಚಾಕ್ ಪೇಂಟ್

ಇದನ್ನು ಈ ಹೆಸರಿನಲ್ಲಿ ಮಾರುಕಟ್ಟೆಗೆ ತಂದವರು ಬ್ರಿಟನ್ನಿನ ಆನಿ ಸ್ಲೋನ್, 1990ರಲ್ಲಿ. ಆ ಹೆಸರು ಅವರ ಟ್ರೇಡ್‌ಮಾರ್ಕ್. ಅದಕ್ಕೇ ಬೇರೆ ಕಂಪನಿಗಳ ಡಬ್ಬಿಯ ಮೇಲೆ ‘ಚಾಕ್ ಫಿನಿಶ್’, ‘ಚಾಕಿ ಪೇಂಟ್’ ಅಂತ ಬರೆದಿರುತ್ತದೆ. ಶಾಲೆಯ ಕಪ್ಪು ಹಲಗೆಗೆ ಬಳಿಯುವ ‘ಚಾಕ್‌ಬೋರ್ಡ್ ಪೇಂಟ್’ ಬೇರೆಯೇ ಸಾಮಾನು. ತಗೊಳ್ಳುವಾಗ ಡಬ್ಬಿ ನೋಡಿಕೊಳ್ಳಿ.

ಇದು ನೀರಿನ ಆಧಾರದ, ಸ್ವಲ್ಪವೂ ಹೊಳಪಿಲ್ಲದ ಬಣ್ಣ. ವರ್ಣದ ಪುಡಿ ಮತ್ತು ಸುಣ್ಣಕಲ್ಲಿನ ಪುಡಿಯಂಥ ವಸ್ತು ಇದರಲ್ಲಿ ಜಾಸ್ತಿ. ಅದರಿಂದಲೇ ಒಣಗಿದ ಮೇಲೆ ಮೈ ಸ್ವಲ್ಪ ತರಿ ತರಿಯಾಗಿದ್ದು, ಮೃದುವಾಗಿ ಉಜ್ಜಿದರೂ ಬಣ್ಣ ಪುಡಿಯಾಗಿ ಹೋಗುತ್ತದೆ. ಸವೆದ ನೋಟಕ್ಕೆ ಬೇಕಾದ್ದು ಇದೇ ಗುಣ. ಹಳೆ ವಾರ್ನಿಷ್ ಮೇಲೂ ಪ್ರೈಮರ್ ಇಲ್ಲದೆ, ಹೆಚ್ಚು ಉಜ್ಜದೆ ಹಿಡಿಯುತ್ತದೆ. ಜಿಡ್ಡು ತೊಳೆದು ಒಣಗಿಸಿದರೆ ಸಾಕು. ಒಂದು ಗಂಟೆಯೊಳಗೆ ಮುಟ್ಟುವಷ್ಟು ಒಣಗುತ್ತದೆ, ಒಂದೇ ದಿನ ಎರಡು ಕೋಟ್ ಆಗಿಬಿಡುತ್ತದೆ. ವಾಸನೆಯೂ ಕಡಿಮೆ.

ಆದರೆ ಲೇಪ ಇಲ್ಲದ ಚಾಕ್ ಪೇಂಟ್ ಅರ್ಧ ಮುಗಿದ ಕೆಲಸ. ನೀರಿನ ಹನಿ ಬಿದ್ದರೆ ಗುರುತು, ಕೈ ಜಿಡ್ಡು ತಾಗಿದರೆ ಕಪ್ಪು. ಹಾಗಾಗಿ ಖರ್ಚಿನ ಲೆಕ್ಕದಲ್ಲಿ ವ್ಯಾಕ್ಸ್ ಅಥವಾ ವಾರ್ನಿಷ್ ಕೂಡ ಸೇರಬೇಕು. ಹಲವರು ಇದನ್ನು ಮರೆಯುತ್ತಾರೆ. ಡಬ್ಬಿಯ ಬೆಲೆ ನೋಡಿ ಹೆದರುವವರಿಗೆ ಸಮಾಧಾನದ ವಿಷಯವೂ ಒಂದಿದೆ: ಇದು ಚೆನ್ನಾಗಿ ಹರಡುತ್ತದೆ. ಒಂದು ಲೀಟರ್ ಸುಮಾರು 13 ಚದರ ಮೀಟರಿಗೆ ಒಂದು ಕೋಟ್ ಬರುತ್ತದೆ. ಒಂದು ಚಿಕ್ಕ ಮೇಜಿಗೆ ಲೀಟರ್ ಡಬ್ಬಿ ಬೇಕಾಗುವುದೇ ಇಲ್ಲ.

ಮನೆಯಲ್ಲೇ ಕಲಸಿದ್ದು

ಕೈ ಬಿಗಿ ಇರುವವರು ಮೊದಲು ನೋಡುವುದು ಇದನ್ನು. ಮೂರು ಪಾಲು ಮ್ಯಾಟ್ ಎಮಲ್ಷನ್ (ಗೋಡೆಗೆ ಬಳಿಯುವ, ಹೊಳಪಿಲ್ಲದ ನೀರಿನ ಬಣ್ಣ), ಒಂದು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್, ಒಂದು ಪಾಲು ನೀರು. ಪುಡಿಯನ್ನು ಮೊದಲು ಜರಡಿ ಹಿಡಿದು, ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಬಣ್ಣಕ್ಕೆ ಸೇರಿಸಬೇಕು. ಪುಡಿ ಹಾರುವಾಗ ಮಾಸ್ಕ್ ಇರಲಿ. ಪ್ಲಾಸ್ಟರ್ ಗಟ್ಟಿಯಾಗುವ ವಸ್ತು, ಕಲಸಿದ್ದು ಕೆಲವೇ ಗಂಟೆ ಕೆಲಸಕ್ಕೆ ಬರುತ್ತದೆ. ಅದರ ಬದಲು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಹಾಕಿದರೆ ಗಟ್ಟಿಯಾಗುವ ಚಿಂತೆ ಇಲ್ಲ. ನಾನಾದರೆ ಇದನ್ನೇ ಹಾಕುತ್ತೇನೆ.

ಕೊಂಡು ತಂದದ್ದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದು ಉಜ್ಜುವಾಗ. ಎಮಲ್ಷನ್ನಿನಲ್ಲಿ ರಬ್ಬರಿನ ಗುಣ ಇದೆ. ಪುಡಿ ಕಡಿಮೆಯಾದರೆ ಬಣ್ಣ ಪುಡಿಯಾಗದೆ ಸುರುಳಿಯಾಗಿ, ಪೊರೆಯಂತೆ ಎದ್ದು ಬರುತ್ತದೆ. ಪುಡಿ ಜಾಸ್ತಿಯಾದರೆ ಬ್ರಷ್ ಎಳೆಯುತ್ತದೆ, ಮೈ ಒರಟಾಗುತ್ತದೆ. ಬಿಳಿ ಪುಡಿ ಸೇರುವುದರಿಂದ ಗಾಢ ಬಣ್ಣಗಳು ಮಂಕಾಗುತ್ತವೆ. ಕೆನೆ, ಬೂದು, ತಿಳಿ ಹಸಿರು, ತಿಳಿ ನೀಲಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಕಡು ನೀಲಿ, ಕಪ್ಪು ಬೇಕಾದರೆ ಕೊಂಡು ತನ್ನಿ. ಐದಾರು ಸಾಮಾನುಗಳಿಗೆ ಒಟ್ಟಿಗೆ ಬಣ್ಣ ಕೊಡುವುದಿದ್ದರೆ ಉಳಿತಾಯ ದೊಡ್ಡದು. ಒಂದು ಸ್ಟೂಲಿಗಾಗಿ ಇಷ್ಟೆಲ್ಲ ಕಲಸುವ ಶ್ರಮ ಬೇಡ.

ಮಿಲ್ಕ್ ಪೇಂಟ್

ಹಾಲಿನ ಕೇಸೀನ್ ಅನ್ನುವ ಪ್ರೋಟೀನ್, ಸುಣ್ಣ, ವರ್ಣದ ಪುಡಿ, ಇಷ್ಟೇ ಇದರ ಸಾಮಾನು. ಪುಡಿ ರೂಪದಲ್ಲಿ ಬರುತ್ತದೆ. ಹೆಚ್ಚುಕಡಿಮೆ ಸಮ ಪಾಲು ನೀರಿನಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಬೇಕು. ಕಲಸಿದ್ದು ಬೇಗ ಕೆಡುತ್ತದೆ, ಅವತ್ತಿನ ಕೆಲಸಕ್ಕೆ ಬೇಕಾದಷ್ಟೇ ಕಲಸಿ. ಡಬ್ಬಿಯಲ್ಲಿ ದ್ರವವಾಗಿಯೇ ಸಿಗುವ ಕೆಲವು ‘ಮಿಲ್ಕ್ ಪೇಂಟ್’ಗಳು ನಿಜದಲ್ಲಿ ಅಕ್ರಿಲಿಕ್. ಬಾಳಿಕೆಗೆ ಅವು ಒಳ್ಳೆಯವೇ, ಆದರೆ ಮುಂದೆ ಹೇಳುವ ಚಕ್ಕೆ ಏಳುವ ಗುಣ ಅವುಗಳಿಗಿಲ್ಲ.

ಬರೀ ಮರದ ಮೇಲೆ ಅಸಲಿ ಮಿಲ್ಕ್ ಪೇಂಟ್ ಒಳಗೆ ಇಳಿದು ಕೂರುತ್ತದೆ. ಅದು ಸುಲಿದು ಬರುವುದಿಲ್ಲ, ಸವೆಯುತ್ತದೆ ಅಷ್ಟೆ. ಹಳೆ ವಾರ್ನಿಷ್ ಮೇಲೆ ಹಚ್ಚಿದರೆ ಕಥೆಯೇ ಬೇರೆ. ಅಲ್ಲಲ್ಲಿ ಹಿಡಿಯುವುದಿಲ್ಲ, ಒಣಗುತ್ತಿದ್ದ ಹಾಗೆ ಬಿರುಕು ಬಿಟ್ಟು, ಹಳೆ ಗೋಡೆಯ ಸುಣ್ಣ ಎದ್ದ ಹಾಗೆ ಚಕ್ಕೆ ಏಳುತ್ತದೆ. ಅದನ್ನು ಕೆರೆದು ಬೀಳಿಸಿದರೆ ಉಳಿಯುವ ನೋಟವನ್ನು ಸ್ಯಾಂಡ್‌ಪೇಪರ್ ಹಿಡಿದು ಎಷ್ಟು ಉಜ್ಜಿದರೂ ತರಲಾಗದು. ನಿಜಕ್ಕೂ ಹಳೆಯದಾಗಿ ಕಾಣುತ್ತದೆ. ತೊಂದರೆ ಏನೆಂದರೆ ಎಲ್ಲಿ ಎಷ್ಟು ಏಳುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಡ್ರಾಯರ್‌ನ ಮುಖದ ಅರ್ಧ ಬಣ್ಣವೇ ಉದುರಿ ಹೋಗಬಹುದು, ಪಕ್ಕದ ಡ್ರಾಯರ್‌ನಲ್ಲಿ ಒಂದು ಚಕ್ಕೆಯೂ ಏಳದೆ ಇರಬಹುದು. ಬಣ್ಣ ಹಿಡಿಯಲೇಬೇಕಾದ ಜಾಗಕ್ಕೆ ಬಾಂಡಿಂಗ್ ದ್ರವ ಸೇರಿಸಿ, ಉಳಿದ ಕಡೆ ಬಿಟ್ಟುಬಿಡುವ ಉಪಾಯ ಇದೆ. ಆಗಲೂ ಸ್ವಲ್ಪ ಅನಿಶ್ಚಿತತೆ ಉಳಿಯುತ್ತದೆ. ಅದನ್ನು ಇಷ್ಟಪಡುವವರಿಗೆ ಮಾತ್ರ ಇದು ಹೊಂದುತ್ತದೆ. ನಾಲ್ಕು ಕುರ್ಚಿ ಒಂದೇ ಥರ ಬೇಕು ಅನ್ನುವವರು ಇದರ ಕಡೆ ಹೋಗದಿರುವುದೇ ಒಳ್ಳೆಯದು.

ಅಕ್ರಿಲಿಕ್ ಫರ್ನಿಚರ್ ಪೇಂಟ್, ಎನಾಮಲ್

‘ಮಿನರಲ್ ಪೇಂಟ್’ ಅಂತ ಮಾರುವ ಅಕ್ರಿಲಿಕ್ ಬಣ್ಣಗಳಲ್ಲಿ ಹಲವಕ್ಕೆ ಮೇಲೆ ಬೇರೆ ಲೇಪ ಬೇಡ. ಅದರದ್ದೇ ಗಟ್ಟಿ ಪೊರೆ ಕಟ್ಟುತ್ತದೆ. ನುಣುಪಾಗಿ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಪೂರ್ತಿ ಗಟ್ಟಿಯಾಗಲು ಮೂರ್ನಾಲ್ಕು ವಾರ ಬೇಕು. ಸವೆಸುವುದಿದ್ದರೆ ಅದಕ್ಕೆ ಮೊದಲೇ, ಹಚ್ಚಿದ ದಿನವೋ ಮರುದಿನವೋ ಸವೆಸಿ. ಆಮೇಲೆ ಕಷ್ಟ. ದಿನವೂ ಬಳಸುವ ಸಾಮಾನಿಗೆ, ಸ್ವಲ್ಪವೇ ಸವೆತ ಸಾಕು ಅನ್ನುವವರಿಗೆ ಇದು ಚಾಕ್ ಪೇಂಟಿಗಿಂತ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಎಣ್ಣೆ ಆಧಾರದ ಎನಾಮಲ್ ಗಟ್ಟಿಮುಟ್ಟು. ಬಿಸಿಲು ಮಳೆ ತಾಗುವ ಬೆಂಚಿಗೆ ನಾನು ಹೇಳುವುದು ಇದನ್ನೇ. ಆದರೆ ವಾಸನೆ ಜೋರು, ಕೋಟಿನಿಂದ ಕೋಟಿಗೆ ಒಂದು ದಿನ ಕಾಯಬೇಕು, ಬಿಳಿ ಬಣ್ಣ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಸವೆದ ನೋಟಕ್ಕೆ ಇದು ಸುಲಭವಾಗಿ ಒಗ್ಗುವುದಿಲ್ಲ.

ಮೇಲಿನ ಲೇಪ

ವ್ಯಾಕ್ಸ್ ಚಾಕ್ ಪೇಂಟಿನ ಹಳೆ ಜೊತೆಗಾರ. ಬಣ್ಣದ ಮೃದು ನೋಟವನ್ನು ಹಾಗೇ ಉಳಿಸುತ್ತದೆ, ಕೈಯಾಡಿಸಿದರೆ ಹಿತವಾಗಿರುತ್ತದೆ, ಮುಂದೆ ಅಲ್ಲಲ್ಲಿ ಸರಿಪಡಿಸುವುದೂ ಸುಲಭ. ಬಟ್ಟೆಯಲ್ಲಿ ತೆಳುವಾಗಿ ಉಜ್ಜಿ, ಹೆಚ್ಚಾದ್ದನ್ನು ಒರೆಸಿ ತೆಗೆಯಬೇಕು. ಬೆರಳು ಅಂಟಿದರೆ ಹೆಚ್ಚಾಗಿದೆ ಅಂತಲೇ ಅರ್ಥ. ಕೆತ್ತನೆಯ ಸಂದುಗಳಲ್ಲಿ ಹಳೆಯ ಕಪ್ಪು ಕೂತಂತೆ ಕಾಣಲು ಕಂದು ವ್ಯಾಕ್ಸ್ ಬಳಸುತ್ತಾರೆ. ಅದಕ್ಕೆ ಮೊದಲು ಬಣ್ಣವಿಲ್ಲದ ವ್ಯಾಕ್ಸ್ ಹಚ್ಚಲೇಬೇಕು. ಇಲ್ಲದಿದ್ದರೆ ಕಂದು ನೇರವಾಗಿ ಬಣ್ಣಕ್ಕೆ ಇಳಿದು ಕಲೆಯಾಗಿ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ. ವ್ಯಾಕ್ಸ್‌ಗೆ ಬಿಸಿ ಆಗದು, ನೀರು ನಿಲ್ಲಬಾರದು. ಜಾಸ್ತಿ ಬಳಸುವ ಮೇಲ್ಮೈಗೆ ಆಗಾಗ ಮತ್ತೆ ಹಚ್ಚಬೇಕಾಗುತ್ತದೆ.

ನೀರಿನ ಆಧಾರದ ಪಾಲಿಯುರೆಥೇನ್ ವಾರ್ನಿಷ್ ಹಾಕಿದರೆ ಮೇಜಿನ ಮೇಲೆ ಲೋಟ ಇಡುವಾಗ ಯೋಚಿಸಬೇಕಿಲ್ಲ. ಮ್ಯಾಟ್ ತಗೊಂಡರೆ ಚಾಕ್ ಪೇಂಟಿನ ನೋಟ ಬಹುಮಟ್ಟಿಗೆ ಉಳಿಯುತ್ತದೆ. ಕಡು ಬಣ್ಣದ ಮೇಲೆ ದಪ್ಪಗೆ ಬಳಿದರೆ ಹಾಲಿನ ಪೊರೆಯಂತೆ ಮಸುಕಾಗಿ ಕಾಣಬಹುದು. ತೆಳುವಾಗಿ ಎರಡು ಮೂರು ಕೋಟ್ ಕೊಡಿ. ಎಣ್ಣೆ ಆಧಾರದ ವಾರ್ನಿಷ್ ಬಿಳಿ ಬಣ್ಣವನ್ನು ಹಳದಿ ಮಾಡುತ್ತದೆ, ಕಡು ಬಣ್ಣಕ್ಕೆ ಅಡ್ಡಿಯಿಲ್ಲ. ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ವ್ಯಾಕ್ಸ್ ಹಚ್ಚಿದ ಮೇಲೆ ವಾರ್ನಿಷ್ ಹಿಡಿಯುವುದಿಲ್ಲ. ಮನಸ್ಸು ಬದಲಾದರೆ ವ್ಯಾಕ್ಸ್ ಪೂರ್ತಿ ತೆಗೆಯಬೇಕು. ಲೇಪವನ್ನು ಮೊದಲೇ ಆರಿಸಿ ಅಂತ ಒತ್ತಿ ಹೇಳಿದ್ದು ಇದಕ್ಕೇ.

ಮಿಲ್ಕ್ ಪೇಂಟಿಗೆ ಟಂಗ್ ಎಣ್ಣೆ, ಅಗಸೆ ಎಣ್ಣೆ ಚೆನ್ನಾಗಿ ಕೂಡುತ್ತವೆ. ಬಣ್ಣ ಗಾಢವಾಗುತ್ತದೆ, ಸವೆದ ಜಾಗದ ಮರಕ್ಕೂ ಜೀವ ಬರುತ್ತದೆ. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿ ಮುಚ್ಚಿಡಿ.

ಸವೆಸುವ ಬಗೆ

ಚಾಕ್ ಪೇಂಟಿಗೆ ಒದ್ದೆ ಬಟ್ಟೆಯೇ ಅತ್ಯುತ್ತಮ ಅನ್ನುವೆ. ಬಣ್ಣ ಒಣಗಿದ ಮೇಲೆ ಒರಟಾದ ಹತ್ತಿ ಬಟ್ಟೆಯನ್ನು ಹಿಂಡಿ, ಬೆರಳಿಗೆ ಸುತ್ತಿ, ಡ್ರಾಯರ್‌ನ ಅಂಚಿನ ಉದ್ದಕ್ಕೂ ಎಳೆಯಿರಿ. ಮೊದಲ ಎಳೆತಕ್ಕೆ ಬಟ್ಟೆಗೆ ಬಣ್ಣ ಹತ್ತುತ್ತದೆ, ಮರ ಕಾಣುವುದಿಲ್ಲ. ಮೂರನೇ ನಾಲ್ಕನೇ ಎಳೆತಕ್ಕೆ ಅಂಚಿನ ಏಣು ತೆಳುವಾಗಿ, ಕಂದು ಗೆರೆಯೊಂದು ಮೂಡುತ್ತದೆ, ಒಳಗೆ ಬಂದ ಹಾಗೆ ಬಣ್ಣ ನಿಧಾನಕ್ಕೆ ದಟ್ಟವಾಗುತ್ತದೆ. ಆ ಮೆಲ್ಲಗೆ ಬದಲಾಗುವ ನೋಟ ಸ್ಯಾಂಡ್‌ಪೇಪರ್‌ನಿಂದ ಬರುವುದು ಕಷ್ಟ. ಧೂಳೂ ಇಲ್ಲ. ಹೆಚ್ಚಾಯಿತು ಅನಿಸಿದರೆ ಅದೇ ಬಣ್ಣವನ್ನು ಮತ್ತೆ ಹಚ್ಚಿದರಾಯಿತು. ಲೇಪ ಹಾಕುವ ಮುಂಚೆ ಪೂರ್ತಿ ಒಣಗಲು ಬಿಡಿ.

ಚೂಪಾದ, ಗೀರು ಗೀರಾದ ಸವೆತ ಬೇಕಾದರೆ 150ರಿಂದ 220 ನಂಬರಿನ ಸ್ಯಾಂಡ್‌ಪೇಪರ್ ಹಿಡಿಯಿರಿ. ಒಂದು ಕೋಟ್ ವ್ಯಾಕ್ಸ್ ಹಚ್ಚಿದ ಮೇಲೆ ಉಜ್ಜಿದರೆ ಧೂಳು ಕಡಿಮೆ. ಉಜ್ಜಿದ ಜಾಗಕ್ಕೆ ಮತ್ತೆ ವ್ಯಾಕ್ಸ್ ಕೊಡಬೇಕು.

ಎರಡು ಬಣ್ಣದ ವಿಧಾನಕ್ಕೆ ಮೊದಲು ಕೆಳಗಿನ ಬಣ್ಣ ಹಚ್ಚಿ ಒಣಗಿಸಿ. ಸವೆಯಬೇಕಾದ ಕಡೆ ಮೇಣದಬತ್ತಿ ಉಜ್ಜಿ, ಮೇಲಿನ ಬಣ್ಣ ಬಳಿಯಿರಿ. ಮೇಣ ಇರುವಲ್ಲಿ ಬಣ್ಣ ಹಿಡಿಯುವುದಿಲ್ಲ, ಕೆರೆದರೆ ಉದುರುತ್ತದೆ. ಲ್ಯಾಮಿನೇಟ್, ವೆನೀರ್‌ಗೆ ಹೊಂದುವ ದಾರಿ ಇದು. ಆದರೆ ಮೇಣ ಅಲ್ಲೇ ಉಳಿದಿದ್ದರೆ ವಾರ್ನಿಷ್ ಕೂಡ ಹಿಡಿಯುವುದಿಲ್ಲ. ಕೆರೆದ ಮೇಲೆ ಚೆನ್ನಾಗಿ ಉಜ್ಜಿ ತೆಗೆಯಿರಿ, ಇಲ್ಲವೇ ವ್ಯಾಕ್ಸ್ ಲೇಪಕ್ಕೇ ಅಂಟಿಕೊಳ್ಳಿ.

ಎಲ್ಲಿ ಸವೆಸಬೇಕು? ಕೈ ತಾಗುವಲ್ಲಿ, ಕಾಲು ತಾಗುವಲ್ಲಿ. ಹಿಡಿಯ ಸುತ್ತ, ಬಾಗಿಲಿನ ತೆರೆಯುವ ಬದಿಯ ಅಂಚು, ಕುರ್ಚಿಯ ತೋಳಿನ ತುದಿ, ಕೆಳಗಿನ ಅಡ್ಡಪಟ್ಟಿ. ನಾಲ್ಕೂ ಮೂಲೆ ಒಂದೇ ಅಳತೆಯಲ್ಲಿ ಸವೆಸಿದರೆ ಯಾರೋ ಬೇಕೆಂದೇ ಮಾಡಿದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ.

ಎರಡು ಎಚ್ಚರಿಕೆ

ಹಳೆ ಪೇಂಟಿನಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸ ಸೇರಿಸುವುದನ್ನು ನಿಷೇಧಿಸಿದ್ದೇ 1978ರಲ್ಲಿ, ಹಲವು ದೇಶಗಳಲ್ಲಿ ಇನ್ನೂ ತಡವಾಗಿ. ದಶಕಗಳ ಹಿಂದೆ ಬಣ್ಣ ಕಂಡ ಸಾಮಾನನ್ನು ಒಣಗಿದ್ದಾಗ ಉಜ್ಜಲೇಬೇಡಿ. ಆ ಧೂಳು ಮಕ್ಕಳಿಗೆ, ಗರ್ಭಿಣಿಯರಿಗೆ ಬಹಳ ಅಪಾಯ. ಮೊದಲು ಪರೀಕ್ಷೆ ಮಾಡಿಸಿ. ಸೀಸ ಇದ್ದರೆ ಸವೆಸುವ ಆಲೋಚನೆ ಬಿಟ್ಟು, ಗಟ್ಟಿ ಲೇಪದಲ್ಲಿ ಮುಚ್ಚಿಬಿಡುವುದು ಮೇಲು. ಮಕ್ಕಳು ಕಚ್ಚುವ, ಕೆರೆಯುವ ಸಾಮಾನಾದರೆ ಅದೂ ಸಾಲದು, ಅದನ್ನು ಬಳಕೆಯಿಂದಲೇ ತೆಗೆಯಿರಿ.

ಇನ್ನೊಂದು, ಮರದ ಕಂದು ರಸ. ತೇಗ, ಮಹಾಗನಿ, ಓಕ್ ಮರದ ಮೇಲೆ ನೀರಿನ ಬಣ್ಣ ಹಚ್ಚಿದರೆ, ಒಣಗುವಾಗ ಹಳದಿಯೋ ನಸುಗೆಂಪೋ ಕಲೆ ಮೇಲೆ ಬರಬಹುದು. ಇನ್ನೊಂದು ಕೋಟ್ ಕೊಟ್ಟರೆ ಅದರ ಮೇಲೂ ಬರುತ್ತದೆ. ತಡೆಯುವುದು ಅರಗಿನ ಲೇಪ, ತೆಳುವಾಗಿ ಎರಡು ಸಲ. ಬಿಳಿ ಪ್ರೈಮರ್ ಬದಲು ಬಣ್ಣವಿಲ್ಲದ ಅರಗನ್ನೇ ಹಾಕಿ. ಬಿಳಿ ಪ್ರೈಮರ್ ಇದ್ದರೆ ಅಂಚು ಸವೆಸಿದಾಗ ಬಣ್ಣಕ್ಕೂ ಮರಕ್ಕೂ ನಡುವೆ ಬಿಳಿ ಗೆರೆ ಇಣುಕುತ್ತದೆ, ನೋಟವೇ ಕೆಡುತ್ತದೆ.

ಹಾಗಾದರೆ ನಿಮಗೆ ಯಾವುದು?

ಊಟದ ಮೇಜಿನ ಮೇಲ್ಭಾಗ, ಅಡುಗೆಮನೆಯ ಕಪಾಟು ಇದ್ದರೆ ಅಕ್ರಿಲಿಕ್ ಫರ್ನಿಚರ್ ಪೇಂಟ್, ಅಥವಾ ಚಾಕ್ ಪೇಂಟ್ ಮೇಲೆ ನೀರಿನ ಪಾಲಿಯುರೆಥೇನ್. ವ್ಯಾಕ್ಸ್ ಬೇಡ. ಅದೇ ಮೇಜಿನ ಕಾಲುಗಳಿಗೆ ವ್ಯಾಕ್ಸ್ ಧಾರಾಳವಾಗಿ ಆಗುತ್ತದೆ.

ಮಲಗುವ ಕೋಣೆಯ ಡ್ರಾಯರ್, ಕನ್ನಡಿಯ ಚೌಕಟ್ಟು, ಗೋಡೆ ಬದಿಯ ಬೀರು ಇದ್ದರೆ ಚಾಕ್ ಪೇಂಟ್, ಒದ್ದೆ ಬಟ್ಟೆ, ವ್ಯಾಕ್ಸ್. ಮೊದಲ ಸಲ ಮಾಡುವವರಿಗೂ ಇದೇ. ತಪ್ಪಾದರೆ ಸುಲಭಕ್ಕೆ ಸರಿಹೋಗುತ್ತದೆ.

ಹಳೆ ವಾರ್ನಿಷ್ ಇರುವ ಒಂಟಿ ಪೆಟ್ಟಿಗೆಯೋ ಸ್ಟೂಲೋ ಇದ್ದು, ಅದು ಹೇಗೆ ಬಂದರೂ ಸರಿ ಅನ್ನುವ ಮನಸ್ಸಿದ್ದರೆ ಮಿಲ್ಕ್ ಪೇಂಟ್ ಹಚ್ಚಿ ನೋಡಿ. ಖರ್ಚು ಮಿತಿಯಲ್ಲಿರಬೇಕು, ಸಾಮಾನು ಜಾಸ್ತಿ ಇದೆ, ತಿಳಿ ಬಣ್ಣವೇ ಸಾಕು ಅಂದರೆ ಮನೆಯಲ್ಲೇ ಕಲಸಿ. ಉಳಿದ ದುಡ್ಡನ್ನು ಒಳ್ಳೆಯ ವಾರ್ನಿಷ್‌ಗೆ ಹಾಕಿ. ಅಗ್ಗದ ಬಣ್ಣದ ಮೇಲೆ ಒಳ್ಳೆ ಲೇಪ ಬಾಳುತ್ತದೆ, ಇದರ ಉಲ್ಟಾ ಬಾಳುವುದಿಲ್ಲ.

ಇಷ್ಟಾದರೂ ಎರಡರ ನಡುವೆ ತೀರ್ಮಾನ ಆಗದಿದ್ದರೆ ಚಿಕ್ಕ ಡಬ್ಬಿ ಎರಡನ್ನೂ ತನ್ನಿ. ಬೀರುವಿನ ಹಿಂಬದಿಯಲ್ಲೋ ಮೇಜಿನ ಅಡಿಯಲ್ಲೋ ಅಂಗೈ ಅಗಲ ಜಾಗಕ್ಕೆ ಎರಡನ್ನೂ ಅಕ್ಕಪಕ್ಕ ಹಚ್ಚಿ, ಲೇಪವನ್ನೂ ಕೊಡಿ. ವಾರ ಬಿಟ್ಟು ಉಗುರಿನಿಂದ ಗೀರಿ. ನೀರು ಹನಿಸಿ ಹತ್ತು ನಿಮಿಷ ಬಿಟ್ಟು ಒರೆಸಿ. ಉಗುರಿಗೆ ಸುಲಿದು ಬಂದದ್ದನ್ನು, ನೀರಿನ ಗುರುತು ಉಳಿದದ್ದನ್ನು ಮೇಜಿನ ಮೇಲ್ಭಾಗಕ್ಕೆ ಹಾಕಬೇಡಿ.